ಮನೆಯ ಭರಣಿಗೆ ಶೇಂಗಾ ಹಿಂಡಿ

ರೋಣ, ನರಗುಂದ ಮತ್ತು ಗಜೇಂದ್ರಗಡ ತಾಲೂಕುಗಳ ಒಕ್ಕಲುಮನೆಗಳಲ್ಲಿ ಶೇಂಗಾ ಹಿಂಡಿ ಇಲ್ಲದೆ ಜೋಳದ ರೊಟ್ಟಿಯ ಊಟವಾಗುವುದು ಅಪರೂಪವೆಂದೇ ಹೇಳಬೇಕು. ಹುರಿದ ಶೇಂಗಾಕಾಳು, ಕೆಂಪು ಖಾರ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಇಷ್ಟನ್ನು ಒಳಕಲ್ಲಿಗೆ ಹಾಕಿ ಕುಟ್ಟಿದರೆ ಹಿಂಡಿ ಸಿದ್ಧವಾಗುವುದು. ಹೊಲಕ್ಕೆ ಒಯ್ಯುವ ಬುತ್ತಿಯಲ್ಲಿ ಅದು ಇದ್ದೇ ಇರುವುದು. ಕಾಯಿಪಲ್ಯೆ ಸಿಕ್ಕದ ಬೇಸಿಗೆಯ ದಿನಗಳಲ್ಲಿ ಮೊಸರಿನೊಡನೆ ಕಲಸಿದ ಹಿಂಡಿಯೇ ಪಲ್ಯದ ಸ್ಥಾನವನ್ನು ತುಂಬುವುದು. ಭರಣಿಯಲ್ಲಿ ಕೂಡಿಟ್ಟ ಹಿಂಡಿಯು ರೊಟ್ಟಿಗೆ ನಂಜಿಕೊಳ್ಳುವುದಕ್ಕೆ ಮಾತ್ರವಲ್ಲದೆ ಬಗೆಬಗೆಯ ಅಡಿಗೆಗೆ ಮೂಲ ಮಸಾಲೆಯಾಗಿಯೂ ಒದಗುವುದು. ಆದರೆ ಅದನ್ನು ಮಾಡುವ ಕ್ರಮದಲ್ಲಿಯೂ, ಅದಕ್ಕೆ ಹಾಕುವ ಕಾಳಿನ ಆಯ್ಕೆಯಲ್ಲಿಯೂ ಕೆಲವು ಎಚ್ಚರಿಕೆಗಳು ಅವಶ್ಯವಾಗಿವೆ. ಇವೆರಡರಲ್ಲಿ ಕಾಳಿನ ಆಯ್ಕೆಯೇ ಹೆಚ್ಚು ಮಹತ್ವದ್ದು. ಹೆಚ್ಚು ಅಲಕ್ಷ್ಯಕ್ಕೆ ಗುರಿಯಾಗಿರುವುದೂ ಅದೇ.

ಶೇಂಗಾವನ್ನು ಅರೆದು ಮಸಾಲೆ ಬೆರೆಸಿ ಉಣ್ಣುವ ರೂಢಿಯು ಈ ಸೀಮೆಗಷ್ಟೇ ಸೇರಿದುದಲ್ಲ. ಜಾವಾ, ಮಲಯ ಮೊದಲಾದ ಪೂರ್ವದೇಶಗಳಲ್ಲಿ ಕಡ್ಡಿಗೆ ಪೋಣಿಸಿ ಕೆಂಡದ ಮೇಲೆ ಸುಟ್ಟ ಮಾಂಸದ ತುಣುಕುಗಳಿಗೆ ‘ಸಾತೇ’ ಎಂದು ಹೆಸರು. ಅದರ ಜೊತೆಗೆ ಬಡಿಸುವ ಶೇಂಗಾ ಗೊಜ್ಜನ್ನು ಗಟ್ಟಿಯಾಗಿ ಅರೆದು ಗಾಜಿನ ಭರಣಿಗಳಲ್ಲಿ ತುಂಬಿ ಈಗ ದೊಡ್ಡ ಶಹರಗಳ ಅಂಗಡಿಗಳಲ್ಲಿ ಮಾರುತ್ತಾರೆ. ಶೇಂಗಾ, ಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಿಸೆ, ಕೊತ್ತಂಬರಿಬೀಜ, ಬೆಲ್ಲದಂಥ ತಾಳೆಯ ಸಕ್ಕರೆ ಇವೇ ಅದರ ಮುಖ್ಯ ಪದಾರ್ಥಗಳು. ರೋಣದ ಗೃಹಿಣಿಗೆ ಇವುಗಳಲ್ಲಿ ಹೊಸದೆನಿಸುವಂಥದು ಒಂದೂ ಇಲ್ಲ. ಶೇಂಗಾವೂ ಮೆಣಸಿನಕಾಯಿಯೂ ಅಮೇರಿಕಾ ಖಂಡದ ಬೆಳೆಗಳಾಗಿದ್ದು, ಯುರೋಪಿನವರ ಹಡಗುಗಳ ಮೂಲಕ ಪೂರ್ವದೇಶಗಳನ್ನು ಸೇರಿದವು. ಜಾವಾದಲ್ಲಿ ಗೊಜ್ಜಾದುದು ಇಲ್ಲಿ ಹಿಂಡಿಯಾಯಿತು. ಪೇಟೆಯ ಭರಣಿಯನ್ನು ಕೊಳ್ಳುವವರು ಅದರ ಮೇಲಿನ ಚೀಟಿಯನ್ನು ಓದಿ ಕೊಳ್ಳತಕ್ಕದ್ದು; ಕೆಲವುಗಳಲ್ಲಿ ಸಿಗಡಿ ಬೆರೆತಿರುವುದರಿಂದ ಅವು ಶಾಕಾಹಾರಿಗಳಿಗೆ ಸಲ್ಲವು. ಸ್ವಂತ ಹೊಲದಲ್ಲಿ ಶೇಂಗಾ ಬೆಳೆಯುವ ಮನೆಗಂತೂ ಅದನ್ನು ಹಣ ಕೊಟ್ಟು ತರುವ ಕಾರಣವೇ ಕಾಣುವುದಿಲ್ಲ.

ಈ ಭಾಗದ ಮಾತಿನಲ್ಲಿ ಹಿಂಡಿ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಒಳಕಲ್ಲಿನಲ್ಲಿ ಕುಟ್ಟಿದ ಶೇಂಗಾ, ಗುರೆಳ್ಳು, ಅಗಸಿಗಳ ಚಟ್ನಿಯೂ ಹಿಂಡಿಯೇ. ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಉಳಿದು ದನಗಳಿಗೆ ಹೋಗುವುದೂ ಹಿಂಡಿಯೇ. ಒಂದು ಮನುಷ್ಯನ ಗಂಗಾಳಕ್ಕೆ, ಇನ್ನೊಂದು ಎತ್ತು ಎಮ್ಮೆಗಳ ಗೋದಲಿಗೆ. ಆದರೆ ಕಾಳು ಕೆಟ್ಟದ್ದಾದರೆ ಅದರ ಕೇಡು ಎರಡು ದಾರಿಗಳಿಂದಲೂ ಅದೇ ಮನೆಯನ್ನು ಹೊಗುವುದೆಂಬುದು ಮುಂದೆ ಸ್ಪಷ್ಟವಾಗುವುದು.

ಸುಗ್ಗಿಯಾದ ಮೇಲೆ ಅನೇಕ ಮನೆಗಳಲ್ಲಿ ನಡೆಯುವ ಕ್ರಮವು ಹೀಗಿದೆ. ತುಂಬಿದ ಕಾಯಿಗಳನ್ನು ಚೀಲಕ್ಕೆ ತುಂಬಿ ಅಡತಿ ಅಂಗಡಿಗೆ ಕಳಿಸುತ್ತಾರೆ. ಜೊಳ್ಳು, ಸುಕ್ಕುಗಟ್ಟಿದ್ದು, ಒಡೆದದ್ದು, ಹುಳ ಕೊರೆದದ್ದು, ಮಳೆಗೆ ಸಿಕ್ಕು ಬಣ್ಣಗೆಟ್ಟದ್ದು ಮನೆಯಲ್ಲಿ ಉಳಿಯುತ್ತದೆ. ವ್ಯಾಪಾರಿಯು ಒಲ್ಲದ ಈ ಕಾಳನ್ನು ಚೆಲ್ಲಲು ಮನಸ್ಸು ಬಾರದು; ದುಡಿದು ಬೆಳೆದವರಿಗೆ ಅದು ಸಹಜವೇ. ಆದಕಾರಣ ಅದನ್ನು ಹಿಂಡಿಗೆ ಹಾಕುವರು, ಮಿಕ್ಕದ್ದನ್ನು ಗಾಣಕ್ಕೆ ಒಯ್ಯುವರು. ಬಿಡಿ ಕಾಳನ್ನು ಬಾಯಿಗೆ ಹಾಕಿಕೊಂಡಾಗ ಕೆಟ್ಟದ್ದಿದ್ದರೆ ನಾಲಿಗೆಯು ಕಹಿಯನ್ನು ಕೂಡಲೆ ಗುರುತಿಸಿ ಉಗುಳಿಸುವುದು. ಕುಟ್ಟಿದ ಹಿಂಡಿಯಲ್ಲಿ ಈ ಪರೀಕ್ಷೆಗೆ ಅವಕಾಶವೇ ಇಲ್ಲ. ಖಾರವೂ ಬೆಳ್ಳುಳ್ಳಿಯೂ ಎಲ್ಲ ಕಹಿಯನ್ನು ಮುಚ್ಚಿಬಿಡುವುವು.

ಕಹಿಯೊಂದೇ ಆಗಿದ್ದರೆ ಇಷ್ಟು ಹೇಳಬೇಕಾಗಿರಲಿಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮೇಲ್ಪಟ್ಟು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಶೋಧಿಸಿ ನೋಡಲಾಗಿ, ಅವುಗಳ ಮೇವಿನಲ್ಲಿ ಬೆರೆಸಿದ್ದ ಬ್ರೆಜಿಲ್ ದೇಶದ ಶೇಂಗಾ ಹಿಂಡಿಯಲ್ಲಿಯೇ ದೋಷವಿದ್ದುದು ಗೊತ್ತಾಯಿತು. ಆ ಹಿಂಡಿಗೆ ಹತ್ತಿದ್ದ ಹಳದಿ ಹಸಿರು ಬಣ್ಣದ ಬೂಷ್ಟಿಗೆ ಆಸ್ಪರ್ಜಿಲಸ್ ಫ್ಲೇವಸ್ ಎಂದು ಹೆಸರು. ಅದು ಸ್ರವಿಸುವ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಾಯಿತು. ಈ ವಿಷವು ಮುಖ್ಯವಾಗಿ ಯಕೃತ್ತನ್ನು, ಅಂದರೆ ಪಿತ್ತಜನಕಾಂಗವನ್ನು, ಕೆಡಿಸುವುದು. 1974ರಲ್ಲಿ ಗುಜರಾತ ಮತ್ತು ರಾಜಸ್ಥಾನಗಳ ಕೆಲವು ಹಳ್ಳಿಗಳಲ್ಲಿ ಮಳೆಗೆ ತೋಯ್ದು ಬೂಷ್ಟು ಹಿಡಿದ ಗೋವಿನಜೋಳವನ್ನು ಉಂಡು ನೂರಕ್ಕಿಂತ ಹೆಚ್ಚು ಜನರು ಕಾಮಾಲೆಯಿಂದ ಮಡಿದರು. ಇಂಥ ಒಮ್ಮೆಲೆಯ ಮರಣಗಳು ವಿರಳ. ಸ್ವಲ್ಪ ಸ್ವಲ್ಪವಾಗಿ ವರ್ಷಗಟ್ಟಲೆ ಹೊಟ್ಟೆಗೆ ಹೋಗುವ ವಿಷವು ಯಾರ ಕಣ್ಣಿಗೂ ಬೀಳದೆ ಕೊನೆಗೆ ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗುವುದೇ ಹೆಚ್ಚು ಭಯಾವಹವಾದುದು. ಅಂತರರಾಷ್ಟ್ರೀಯ ಆಹಾರ ನಿಯಮದಂತೆ, ಮುಂದಿನ ಸಂಸ್ಕಾರಕ್ಕೆ ಹೋಗುವ ಒಂದು ಕಿಲೋಗ್ರಾಮ್ ಶೇಂಗಾದಲ್ಲಿ ಈ ವಿಷವು 15 ಮೈಕ್ರೋಗ್ರಾಮುಗಳನ್ನು ಮೀರಕೂಡದು. ಒಂದು ಗ್ರಾಮನ್ನು ಹತ್ತು ಲಕ್ಷ ಭಾಗ ಮಾಡಿದರೆ ಒಂದು ಭಾಗವೇ ಮೈಕ್ರೋಗ್ರಾಮ್ ಎಂಬುದನ್ನು ನೆನೆದರೆ, ಎಷ್ಟು ಅಲ್ಪ ಪ್ರಮಾಣವು ಕೇಡಿಗೆ ಸಾಕಾಗುವುದೆಂದು ತಿಳಿಯುವುದು.

ಹುರಿದರೆ ಅಥವಾ ಕುದಿಸಿದರೆ ವಿಷವು ಹೋಗುವುದೆಂದು ನಂಬುವವರುಂಟು. ಇದು ತಪ್ಪು ತಿಳುವಳಿಕೆ. ಒಲೆಯ ಶಾಖಕ್ಕೆ ಬೂಷ್ಟು ಸಾಯುವುದು, ವಿಷವಲ್ಲ. ಹುರಿದಾಗ ಅದರ ಒಂದು ಭಾಗ ಕಡಿಮೆಯಾಗಬಹುದಾದರೂ ಉಳಿದುದನ್ನು ಸಾಮಾನ್ಯ ಅಡಿಗೆಯ ಯಾವ ಕ್ರಮವೂ ಅಳಿಸಲಾರದು. ಅಂಥ ಕಾಳಿನ ಗಾಣದ ಎಣ್ಣೆಯಲ್ಲಿಯೂ ವಿಷದ ಅಂಶ ಇಳಿಯುವುದು. ಹಿಂಡಿಯಲ್ಲಿ ಅದಕ್ಕಿಂತ ಹೆಚ್ಚು ಉಳಿಯುವುದು. ಆ ಹಿಂಡಿಯನ್ನು ತಿಂದ ಎಮ್ಮೆಯ ಹಾಲಿನಲ್ಲಿ ಅದೇ ವಿಷವು ಸ್ವಲ್ಪ ರೂಪಾಂತರ ಹೊಂದಿ ಕಾಣಿಸಿಕೊಳ್ಳುವುದು, ಹಾಲು ಕಾಯಿಸಿದರೂ ಹೋಗದು. ಮಕ್ಕಳಿಗೆಂದು ಕರೆದ ಹಾಲಿನ ಮೂಲಕ ಕೆಟ್ಟ ಕಾಳು ಮನೆಗೆ ಹಿಂದಿರುಗುವ ಬಗೆ ಇದು.

ಸಮಾಧಾನದ ಸಂಗತಿಯೂ ಒಂದುಂಟು. ಈ ವಿಷವು ರಾಶಿಯಲ್ಲೆಲ್ಲ ಸಮನಾಗಿ ಹರಡಿರುವುದಿಲ್ಲ; ಸಾಮಾನ್ಯವಾಗಿ ಕೆಲವೇ ಕಾಳುಗಳಲ್ಲಿ ಬಹಳ ಪ್ರಮಾಣದಲ್ಲಿ ಸೇರಿರುವುದು. ಅಂಥ ಕಾಳುಗಳಲ್ಲಿ ಹೆಚ್ಚಿನವು ನೋಡಿದರೆ ಗುರುತಾಗುವಂಥವೇ: ಮುರುಟಿದವು, ಕಪ್ಪು ಇಲ್ಲವೆ ಹಳದಿಗೆ ತಿರುಗಿದವು, ಸಿಪ್ಪೆ ಹರಿದವು, ಹುಳ ತಿಂದವು. ಆದುದರಿಂದ ಮೊರದಲ್ಲಿ ಹರಡಿ ಬೆಳಕಿನಲ್ಲಿ ಕೈಯಿಂದ ಆರಿಸುವ ಹಳೆಯ ಕ್ರಮದಿಂದಲೇ ವಿಷದ ಬಹುಭಾಗವನ್ನು ತೆಗೆದುಹಾಕಲು ಸಾಧ್ಯ. ಆರಿಸಿ ತೆಗೆದದ್ದನ್ನು ದನಕ್ಕೂ ಕೋಳಿಗೂ ಹಾಕದೆ, ಗಾಣಕ್ಕೂ ಒಯ್ಯದೆ, ಸುಟ್ಟುಬಿಡತಕ್ಕದ್ದು.

ಬೂಷ್ಟು ಹತ್ತದಂತೆ ನೋಡಿಕೊಳ್ಳುವ ಕೆಲಸ ಹೊಲದಲ್ಲಿಯೇ ಆರಂಭವಾಗುವುದು. ಬೆಳೆಯ ಕೊನೆಯ ನಾಲ್ಕಾರು ವಾರಗಳಲ್ಲಿ ಮಳೆ ಕೈಕೊಟ್ಟು ಭೂಮಿ ಕಾದರೆ, ಮಣ್ಣಿನಲ್ಲಿರುವ ಈ ಬೂಷ್ಟು ಕಾಯಿಯ ಒಳಗೆ ಸೇರುವುದು ಸುಲಭ. ಒಣಬೇಸಾಯವೇ ಹೆಚ್ಚಾಗಿರುವ ಈ ಸೀಮೆಯಲ್ಲಿ ಇಂಥ ವರ್ಷಗಳು ಹೊಸವಲ್ಲ. ಮಲಪ್ರಭೆಯ ಕಾಲುವೆಯಾಗಲಿ ಬಾವಿಯಾಗಲಿ ಇದ್ದವರು ಆ ಕಾಲದಲ್ಲಿ ಒಂದು ನೀರು ಕೊಟ್ಟರೆ ಇಳುವರಿಯ ಜೊತೆಗೆ ಕಾಳಿನ ಶುದ್ಧತೆಯೂ ಉಳಿಯುವುದು. ಹೂ ಬಿಡುವಾಗ ಎಕರೆಗೆ 200 ಕಿಲೋಗ್ರಾಮ್ ಜಿಪ್ಸಮ್ ಹಾಕಿದರೆ ಕಾಯಿ ಚೆನ್ನಾಗಿ ತುಂಬಿ ಸಿಪ್ಪೆ ಗಟ್ಟಿಯಾಗುವುದು. ನರಗುಂದ ಮತ್ತು ರೋಣದ ಎರೆಭೂಮಿಯು ಒಣಗಿದರೆ ಕಲ್ಲಿನಂತಾಗುವುದರಿಂದ, ಅಲ್ಲಿ ಕೀಳುವುದು ತಡವಾದಷ್ಟೂ ಕಾಯಿಗೆ ಪೆಟ್ಟು ಹೆಚ್ಚು. ಗಜೇಂದ್ರಗಡದ ಗುಡ್ಡದ ಬುಡದ ಮಸಾರಿ ಹೊಲಗಳಲ್ಲಿ ಈ ತೊಂದರೆ ಕಡಿಮೆ. ಪೆಟ್ಟು ತಿಂದ ಕಾಯಿಯೇ ಬೂಷ್ಟಿಗೆ ಬಾಗಿಲು.

ಕಿತ್ತ ಬಳ್ಳಿಗಳನ್ನು ಹಸಿಯಾಗಿಯೇ ಬಣವೆ ಒಟ್ಟುವುದು ಬಹು ಕೆಟ್ಟ ರೂಢಿ. ಕಾಯಿ ಮೇಲಾಗುವಂತೆ ಬಳ್ಳಿಯನ್ನು ಬುಡಮೇಲಾಗಿ ಸಾಲುಸಾಲಾಗಿ ಇಟ್ಟು ಮೂರರಿಂದ ಐದು ದಿನ ಗಾಳಿ ಬಿಸಿಲಿಗೆ ಬಿಡಬೇಕು. ಬಿಡಿಸಿದ ಕಾಯಿಗಳನ್ನು ಕಣದಲ್ಲಿ ತೆಳ್ಳಗೆ ಹರಡಿ, ಅಲುಗಾಡಿಸಿದರೆ ಒಳಗಿನ ಕಾಳು ಸಪ್ಪಳ ಮಾಡುವವರೆಗೂ ಒಣಗಿಸಬೇಕು. ಕಾಯಿಯಲ್ಲಿ ತೇವವು ನೂರಕ್ಕೆ 8ಕ್ಕೆ ಇಳಿದರೆ ಬೂಷ್ಟಿನ ಭಯವಿಲ್ಲ. ಕಣದಲ್ಲಿ ತೇವ ಉಳಿದರೆ ಟಿಎಂವಿ-2 ಆಗಲಿ, ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಜಿಪಿಬಿಡಿ-4 ಆಗಲಿ, ತಳಿಯ ಹೆಸರಿನಿಂದ ರಕ್ಷಣೆ ದೊರೆಯದು. ಕಾಯಿ ಒಡೆಯುವಾಗ ಕಾಳು ಮುರಿಯದಿರಲೆಂದು ನೀರು ಚಿಮುಕಿಸುವ ಪದ್ಧತಿಯು ಹಲವೆಡೆ ಇದೆ. ಹೀಗೆ ಒದ್ದೆ ಮಾಡಿ ಒಡೆದ ಕಾಳನ್ನು ಚೀಲದಲ್ಲಿಟ್ಟರೆ ಕೆಲವೇ ದಿನಗಳಲ್ಲಿ ಬೂಷ್ಟು ಕಾಣಿಸುವುದು; ಮನೆಬಳಕೆಯ ಕಾಳಿಗಂತೂ ನೀರು ಮುಟ್ಟಿಸಲೇಕೂಡದು. ಮನೆಗೆಂದು ಇಟ್ಟುಕೊಳ್ಳುವ ಶೇಂಗಾವನ್ನು ಕಾಯಿಯಾಗಿಯೇ ಇಟ್ಟು, ತಿಂಗಳ ಹಿಂಡಿಗೆ ಬೇಕಾದಷ್ಟನ್ನು ಮಾತ್ರ ಆಗಾಗ್ಗೆ ಒಡೆದುಕೊಳ್ಳುವುದು ಎಲ್ಲಕ್ಕಿಂತ ಉತ್ತಮ.

ಹಿಂಡಿಗೆ ಒಂದು ಕಿಲೋಗ್ರಾಮ್ ಆರಿಸಿದ ಕಾಳು, 60 ಗ್ರಾಮ್ ಖಾರ, 100 ಗ್ರಾಮ್ ಬೆಳ್ಳುಳ್ಳಿ, 20 ಗ್ರಾಮ್ ಜೀರಿಗೆ, 40 ಗ್ರಾಮ್ ಉಪ್ಪು ಸಾಕು. ಬ್ಯಾಡಗಿ ಮೆಣಸಿನಕಾಯಿಯು ಬಣ್ಣಕ್ಕೆ ಹೆಸರಾಗಿ ಖಾರದಲ್ಲಿ ಮೃದುವಾದುದರಿಂದ ಅದನ್ನು ಬಳಸುವವರು ತುಸು ಹೆಚ್ಚು ಹಾಕಿದರೂ ಚಿಂತೆಯಿಲ್ಲ. ಕಾಳನ್ನು ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವುತ್ತ ಹುರಿದು, ಪೂರ್ತಿ ಆರಿದ ಮೇಲೆ ತಿಕ್ಕಿ ಸಿಪ್ಪೆಯನ್ನು ಕೇರಿಬಿಡಬೇಕು. ಆಗ ಎರಡನೆಯ ಸಲ ಆರಿಸುವುದು ಅವಶ್ಯ. ಸಿಪ್ಪೆ ಬಿಡದೆ ಹತ್ತಿಕೊಂಡಿರುವ, ಉಳಿದವುಗಳಿಗಿಂತ ಕಪ್ಪಾಗಿರುವ, ಬೇಳೆಗಳ ನಡುವೆ ಬೂಷ್ಟು ಕಾಣುವ ಕಾಳುಗಳನ್ನು ತೆಗೆಯತಕ್ಕದ್ದು. ಹಸಿಯಾಗಿದ್ದಾಗ ಕಣ್ಣು ತಪ್ಪಿಸಿಕೊಂಡವು ಇಲ್ಲಿ ಸಿಕ್ಕಿಬೀಳುವುವು.

ಶೇಂಗಾಕಾಳಿನ ತೂಕದಲ್ಲಿ ಹತ್ತಿರ ಹತ್ತಿರ ಅರ್ಧಪಾಲು ಎಣ್ಣೆಯೇ ಇರುವುದು. ಅದರಿಂದ ಸ್ವಲ್ಪ ಕುಟ್ಟಿದರೆ ಪುಡಿಯಾಗಿಯೂ, ಇನ್ನಷ್ಟು ಕುಟ್ಟಿದರೆ ಎಣ್ಣೆ ಬಿಟ್ಟು ಮುದ್ದೆಯಾಗಿಯೂ ಹಿಂಡಿಯು ಬರುವುದು. ನಂಜಿಕೊಳ್ಳಲು ತರಿ ಪುಡಿ ರುಚಿ. ಅಡಿಗೆಗೆ ಮುದ್ದೆಯೇ ಮೇಲು. ಒಳಕಲ್ಲಿಲ್ಲದೆ ವಿದ್ಯುತ್ತಿನ ಯಂತ್ರದಲ್ಲಿ ತಿರುವುವವರು ತಡೆತಡೆದು ತಿರುವಬೇಕು, ಇಲ್ಲವಾದರೆ ಕಾವೇರಿ ಹಿಂಡಿಯು ಕಮಟುವುದು ಬೇಗ. ಹಸಿ ಬೆಳ್ಳುಳ್ಳಿಯ ತೇವವೂ ಹಿಂಡಿಯ ಬಾಳಿಕೆಯನ್ನು ಕಡಿಮೆ ಮಾಡುವುದು; ಅದನ್ನು ಗರಿಗರಿಯಾಗುವಂತೆ ಹುರಿದು ಹಾಕಿದರೆ ತಿಂಗಳವರೆಗೆ ಚಿಂತೆಯಿಲ್ಲ. ಭರಣಿಯು ಒಣಗಿದ್ದಾಗಿರಬೇಕು. ಅದನ್ನು ಕುತ್ತಿಗೆಯವರೆಗೂ ಒತ್ತಿ ತುಂಬಿ, ಬೆಳಕು ಬೀಳದ ಕಡೆ ಇಡಬೇಕು.

ಇನ್ನು ಅಡಿಗೆ. ಬದನೆಕಾಯಿಯ ಎಣ್ಣೆಗಾಯಿಗೆ ಅರ್ಧ ಕಿಲೋಗ್ರಾಮ್ ಎಳೆಯ ಕಾಯಿಗಳನ್ನು ತೊಟ್ಟು ಬಿಡದಂತೆ ನಾಲ್ಕಾಗಿ ಸೀಳಿ, 100 ಗ್ರಾಮ್ ಹಿಂಡಿಗೆ ಹುಣಿಸೆಯ ರಸ, ಚೂರು ಬೆಲ್ಲ, ಹೆಚ್ಚಿದ ಉಳ್ಳಾಗಡ್ಡಿ ಸೇರಿಸಿ ತುಂಬಬೇಕು. ಸಾಸಿವೆಯ ಒಗ್ಗರಣೆಯಲ್ಲಿ ಕಾಯಿಗಳನ್ನು ಹೊರಳಾಡಿಸಿ, ಬಿಸಿನೀರು ಹಾಕಿ ಮುಚ್ಚಿ ಬೇಯಿಸಿದರೆ, ಎಣ್ಣೆ ಮೇಲೆ ತೇಲಿದಾಗ ಎಣ್ಣೆಗಾಯಿ ಪಕ್ವವಾಯಿತೆಂದು ತಿಳಿಯಬೇಕು. ಸಾರಿಗೆ ಇಲ್ಲವೆ ಹೀರೇಕಾಯಿ, ಹೆಸರುಕಾಳುಗಳ ಪಲ್ಯಕ್ಕೆ ಹಿಂಡಿಯನ್ನು ನೇರವಾಗಿ ಪಾತ್ರೆಗೆ ಹಾಕುವುದು ತರವಲ್ಲ. ಅದು ತಳಕ್ಕೆ ಹತ್ತಿ ಸೀಯುವುದು. ಬೇರೆ ಬಟ್ಟಲಿನಲ್ಲಿ ಹಿಂಡಿಗೆ ಸ್ವಲ್ಪ ಸ್ವಲ್ಪವಾಗಿ ಬೆಚ್ಚನೆಯ ನೀರು ಬೆರೆಸಬೇಕು. ಮೊದಲ ನೀರಿಗೆ ಅದು ಇನ್ನಷ್ಟು ಗಟ್ಟಿಯಾಗಿ ಬಿಗಿದುಕೊಳ್ಳುವುದನ್ನು ಕಂಡು ಹಿಂಡಿ ಕೆಟ್ಟಿತೆಂದು ಹಲವರು ಭ್ರಮಿಸುವರು. ಇನ್ನಷ್ಟು ನೀರು ಬೆರೆಸಿ ತಿರುವಿದರೆ ತಾನಾಗಿಯೇ ಸಡಿಲಿ ಹಾಲಿನ ಕೆನೆಯಂತಾಗುವುದು. ಕಾಯಿ ಬೆಂದ ಮೇಲೆ ಅದನ್ನು ಸುರಿದು ಸಣ್ಣ ಉರಿಯಲ್ಲಿ ಐದು ನಿಮಿಷ ಕುದಿಸಿದರೆ ಸಾಕು. ಹಿಂಡಿಯಲ್ಲಿ ಉಪ್ಪು ಮೊದಲೇ ಇರುವುದರಿಂದ ಪಲ್ಯಕ್ಕೆ ಉಪ್ಪನ್ನು ಕೊನೆಯಲ್ಲಿ ರುಚಿ ನೋಡಿಯೇ ಹಾಕಬೇಕು. ಪೇಟೆಯಿಂದ ತಂದ ಸಾತೇ ಭರಣಿಯನ್ನು ಬಳಸುವವರಿಗೂ ಇದೇ ಕ್ರಮ ಅನ್ವಯಿಸುವುದು; ಅದರಲ್ಲಿ ಸಿಹಿ ಮೊದಲೇ ಇರುವುದರಿಂದ ಬೆಲ್ಲವನ್ನು ಬಿಡಬೇಕಷ್ಟೆ. ಮೊಸರಿನಲ್ಲಿ ಕಲಸುವಾಗ ಒಲೆಯ ಸಂಬಂಧವೇ ಬೇಡ, ಊಟಕ್ಕೆ ಕೂಡುವ ಹೊತ್ತಿಗೆ ಕಲಸಿದರಾಯಿತು. ಹಸಿ ಮೆಂತ್ಯಪಲ್ಯೆಗೂ ಹೀಗೆಯೇ.

ಭರಣಿಯಿಂದ ತೆಗೆಯುವಾಗ ಒಣ ಚಮಚವನ್ನೇ ಹಾಕತಕ್ಕದ್ದು. ತಳದಲ್ಲಿ ಉಳಿದ ಹಳೆಯ ಹಿಂಡಿಯ ಮೇಲೆ ಹೊಸದನ್ನು ತುಂಬದೆ, ಭರಣಿಯನ್ನು ಬಿಸಿನೀರಿನಲ್ಲಿ ತೊಳೆದು ಬಿಸಿಲಿಗಿಟ್ಟು ಒಣಗಿಸಿದ ನಂತರವೇ ಮುಂದಿನ ತಿಂಗಳ ಹಿಂಡಿಯನ್ನು ತುಂಬಬೇಕು.