ಮೂರು ಎಣಿಕೆಯ ನೊಟ್ಟುಸ್ವರ

ಕರ್ನಾಟಕ ಸಂಗೀತದ ಪಿಟೀಲಿಗೆ ಯುರೋಪಿನ ಮೂರು ಎಣಿಕೆಯ ಮಟ್ಟುಗಳು ಬಂದದ್ದು ನೊಟ್ಟುಸ್ವರಗಳ ದಾರಿಯಿಂದ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಕಡೆಯೂ ಸರಳೆ, ಜಂಟಿವರಸೆ ದಾಟಿದ ಮಕ್ಕಳಿಗೆ ಪರಿಚಿತವಾದದ್ದು ‘ಶಕ್ತಿಸಹಿತ ಗಣಪತಿಂ’. ರಾಗ ಶಂಕರಾಭರಣ, ತಾಳ ತಿಸ್ರ ಏಕ. ಕುರುಡುಮಲೆ ಗಣಪತಿಯ ಸೀಮೆಗೆ ಒಪ್ಪುವ ಸಾಹಿತ್ಯವೇ ಹೌದು. ಆದರೆ ಅದು ಹುಟ್ಟಿದ ಪರಿಸರ ಬೇರೆ.

ರಚಿಸಿದವರು ಮುತ್ತುಸ್ವಾಮಿ ದೀಕ್ಷಿತರು (1775–1835). ಅವರ ಮನೆತನ ತಿರುವಾರೂರಿನಿಂದ ಮದರಾಸಿನ ಬಳಿಯ ಮಣಲಿಗೆ ಬಂದು, ಅಲ್ಲಿನ ಮೊದಲಿಯಾರರ ಆಶ್ರಯದಲ್ಲಿ ನೆಲೆಸಿತು. ಸಮೀಪದ ಸೇಂಟ್ ಜಾರ್ಜ್ ಕೋಟೆಯಲ್ಲಿ ಕಂಪನಿಯ ಬ್ಯಾಂಡು ನುಡಿಯುತ್ತಿತ್ತು. ತಮ್ಮ ಬಾಲುಸ್ವಾಮಿ ಯುರೋಪಿನ ಗುರುವೊಬ್ಬರಿಂದ ಪಿಟೀಲು ಕಲಿತು ಅದನ್ನು ನಮ್ಮ ಸಂಗೀತಕ್ಕೆ ಹೊಂದಿಸಿದರೆ, ಅಣ್ಣ ಕಿವಿಗೆ ಬಿದ್ದ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಕಟ್ಟಿದರು. ಇಂಥವು ಸುಮಾರು 40 ಇವೆ. ತೆಲುಗು ವಿದ್ವಾಂಸ ಸಿ.ಪಿ. ಬ್ರೌನ್ ಬರೆಯಿಸಿದ ಹಸ್ತಪ್ರತಿಯಲ್ಲಿ ಕೆಲವು ಸೇರಿವೆ.

‘ಸಂತತಂ ಪಾಹಿಮಾಂ’ ಬ್ರಿಟನ್ನಿನ ರಾಷ್ಟ್ರಗೀತೆಯ ಮಟ್ಟು. ‘ವಂದೇ ಮೀನಾಕ್ಷಿ’ ಐರ್ಲೆಂಡಿನ ಕುಣಿತದ್ದು. ಮೊದಲನೆಯದಕ್ಕೆ ಮೂರರ ನಡೆಯಿದೆಯೆಂದು ಅದನ್ನು ವಾಲ್ಟ್ಸ್ ಎನ್ನುವುದು ತಪ್ಪು. ಆ ರಾಷ್ಟ್ರಗೀತೆ 1740ರ ದಶಕದಲ್ಲೇ ಅಚ್ಚಾಗಿತ್ತು. ವಾಲ್ಟ್ಸ್ ಆಸ್ಟ್ರಿಯ ಮತ್ತು ದಕ್ಷಿಣ ಜರ್ಮನಿಯ ಹಳ್ಳಿಗರ ಜೋಡಿಕುಣಿತಗಳಿಂದ ಬೆಳೆದು, ಆ ಶತಮಾನದ ಕೊನೆಗೆ ವಿಯೆನ್ನಾದಲ್ಲಿ ಹುಚ್ಚು ಹಿಡಿಸಿದ ಕುಣಿತ. ಮೂರರಲ್ಲಿ ಮೊದಲ ಪೆಟ್ಟಿಗೆ ಒತ್ತು ಕೊಟ್ಟು, ಉಳಿದೆರಡನ್ನು ಹಗುರವಾಗಿ ಬಿಡುವುದು ಅದರ ಗುಣ.

ಕೋಲಾರ ಜಿಲ್ಲೆಗೆ ಇಂಗ್ಲಿಷರ ಕುಣಿತದ ಸಂಗೀತ ನೇರವಾಗಿ ಬಂದದ್ದು ಆಮೇಲೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಚಿನ್ನದ ಗಣಿಗೆ ಕಾಲಿಟ್ಟ ಮೇಲೆ ಕೆಜಿಎಫ್‌ನಲ್ಲಿ ಬ್ರಿಟಿಷರ, ಆಂಗ್ಲೋ–ಇಂಡಿಯನ್ನರ ವಸತಿ ಬೆಳೆಯಿತು, ಕ್ಲಬ್ಬುಗಳು ಎದ್ದವು. ಪಾಠದ ಮನೆಯ ನೊಟ್ಟುಸ್ವರಕ್ಕೂ ಆ ಕ್ಲಬ್ಬಿಗೂ ನಂಟಿಲ್ಲ. ಅದು ಗುರುಪರಂಪರೆಯಿಂದ ಬಂದದ್ದು.

ಮುಂದೆ ಮೈಸೂರು ಆಸ್ಥಾನದಲ್ಲಿದ್ದ ಹರಿಕೇಶನಲ್ಲೂರು ಮುತ್ತಯ್ಯ ಭಾಗವತರ ‘ಇಂಗ್ಲಿಷ್ ನೋಟು’ ಕಛೇರಿಯ ಕೊನೆಯಲ್ಲಿ ಚಪ್ಪಾಳೆ ಗಿಟ್ಟಿಸಿತು. ದೀಕ್ಷಿತರವು ಮಾತ್ರ ಪಾಠದಲ್ಲೇ ಉಳಿದವು. ಗಮಕವಿಲ್ಲದ ಬಿಡಿ ಸ್ವರಗಳಾದ್ದರಿಂದ ಬೆರಳು ತುಸು ತಪ್ಪಿದರೂ ಅಪಸ್ವರ ಬಯಲಾಗುತ್ತದೆ. ಮೂರರ ಎಣಿಕೆಯಲ್ಲಿ ಕಮಾನಿನ ದಿಕ್ಕು ಪ್ರತಿ ಆವರ್ತಕ್ಕೂ ಅದಲುಬದಲಾಗುತ್ತದೆ. ಶ್ರುತಿ, ಕಮಾನು ಎರಡನ್ನೂ ಹದಕ್ಕೆ ತರಲು ಆರಂಭದ ಪಾಠಗಳಲ್ಲಿ ಇವಕ್ಕೆ ಸಾಟಿಯಿಲ್ಲ.