ಗಾಲಿಕುರ್ಚಿಯೂ ಬಂಡವಾಳವೇ: ಅಂಗವಿಕಲರಿಗೆ ಕಡಿಮೆ ಬಡ್ಡಿಯ ಸಾಲ

ಕೊನೆ ಇಳಿಸುವಾಗ ಅಡಿಕೆ ಮರದಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡವರ ಸಂಗತಿ ತೋಟಗಾರರಾದ ನಮಗೆ ಹೊಸದಲ್ಲ. ಆಸ್ಪತ್ರೆಯ ಖರ್ಚಿಗೆ ನೆಂಟರಿಷ್ಟರು ಕೈ ಜೋಡಿಸುತ್ತಾರೆ. ಮನೆಗೆ ಬಂದ ಮೇಲೆ ಆತನ ಓಡಾಟಕ್ಕೇನು, ದುಡಿಮೆಗೇನು ಎಂದು ಕೇಳುವವರು ವಿರಳ. ಪಂಪ್‌ಸೆಟ್ಟಿಗೆ, ಔಷಧಿ ಸಿಂಪಡಿಸುವ ಯಂತ್ರಕ್ಕೆ ಸಾಲ ಕೇಳಲು ನಾವು ಸಂಕೋಚಪಡುವುದಿಲ್ಲ. ಗಾಲಿಕುರ್ಚಿ, ಶ್ರವಣಯಂತ್ರಗಳನ್ನು ಮಾತ್ರ ಯಾರಾದರೂ ದಾನ ಕೊಡಬೇಕಾದ ವಸ್ತುಗಳೆಂದು ತಿಳಿದು ವರ್ಷಗಟ್ಟಲೆ ಕಾಯುತ್ತೇವೆ. ದುಡಿಮೆಗೆ ದಾರಿ ಮಾಡುವ ಸಾಧನವೂ ಬಂಡವಾಳವೇ ಎಂಬುದು ನಮ್ಮ ಅಭಿಪ್ರಾಯ.

ಹಾಗೆಂದು ಪುಕ್ಕಟೆಯಾಗಿ ದೊರೆಯುವುದಕ್ಕೆ ಸಾಲ ಮಾಡಬೇಕಾಗಿಲ್ಲ. ಸಾಧನ ಸಲಕರಣೆಗಳಿಗೆ ನೆರವು ನೀಡುವ ಕೇಂದ್ರ ಸರಕಾರದ ‘ಅಡಿಪ್’ ಯೋಜನೆ 1981ರಿಂದ ನಡೆದುಬಂದಿದೆ. ಆದಾಯದ ಮಿತಿಯೊಳಗಿನವರಿಗೆ ಊರುಗೋಲು, ಕ್ಯಾಲಿಪರ್, ತ್ರಿಚಕ್ರ ಸೈಕಲ್ಲು, ಶ್ರವಣಯಂತ್ರ ಇದರಲ್ಲಿ ದೊರೆಯುತ್ತವೆ. ಕಿವಿಯ ಪರೀಕ್ಷೆಗೆ ಮಂಡ್ಯ, ಮದ್ದೂರು, ಮಳವಳ್ಳಿಯವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಹತ್ತಿರದಲ್ಲಿಯೇ ಇದೆ. ಪರೀಕ್ಷೆ ಮಾಡಿಸದೆ ಜಾತ್ರೆಯಲ್ಲಿ ಕನ್ನಡಕ ಕೊಂಡಂತೆ ಶ್ರವಣಯಂತ್ರ ಕೊಂಡರೆ ಅದು ಪೆಟ್ಟಿಗೆ ಸೇರುವುದೇ ಸರಿ. ಗ್ರಾಮ ಪಂಚಾಯಿತಿಗಳೂ ತಮ್ಮ ಹಣದಲ್ಲಿ ಶೇಕಡ 5ರಷ್ಟನ್ನು ಅಂಗವಿಕಲರಿಗಾಗಿ ತೆಗೆದಿಡಬೇಕು. ಗ್ರಾಮಸಭೆಯಲ್ಲಿ ಈ ಲೆಕ್ಕ ಕೇಳುವುದು ಸದಸ್ಯರ ಹಕ್ಕು.

ಇಷ್ಟರಿಂದ ಆಗದ ಕೆಲಸಕ್ಕೆ ಸಾಲ ಬೇಕು. ಇದಕ್ಕೆಂದೇ 1997ರಲ್ಲಿ ಕೇಂದ್ರ ಸರಕಾರ ಒಂದು ಹಣಕಾಸು ನಿಗಮವನ್ನು ಸ್ಥಾಪಿಸಿತು. ಈಗ ಅದರ ಹೆಸರು ರಾಷ್ಟ್ರೀಯ ದಿವ್ಯಾಂಗಜನ ಹಣಕಾಸು ಮತ್ತು ಅಭಿವೃದ್ಧಿ ನಿಗಮ. ಶೇಕಡ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಉಳ್ಳವರಿಗೆ ಸ್ವಂತ ಉದ್ಯೋಗಕ್ಕೆ, ವಿದ್ಯಾಭ್ಯಾಸಕ್ಕೆ, ದುಡಿಮೆಗೆ ನೆರವಾಗುವ ಸಾಧನಗಳಿಗೆ ಸಾಲ ಒದಗಿಸುವುದು ಇದರ ಕಾರ್ಯ. ಸಾಲವನ್ನು ನಿಗಮ ನೇರವಾಗಿ ಕೈಗೆ ಕೊಡುವುದಿಲ್ಲ. ರಾಜ್ಯದ ಸಂಸ್ಥೆಗಳು ಮತ್ತು ಬ್ಯಾಂಕುಗಳ ಮೂಲಕ ಕೊಡಿಸುತ್ತದೆ. ಯೋಜನೆಯ ದರದಂತೆ ರೂ. 50,000ದವರೆಗೆ ವಾರ್ಷಿಕ ಬಡ್ಡಿ ಶೇಕಡ 5, ಅದರ ಮೇಲೆ 5 ಲಕ್ಷದವರೆಗೆ ಶೇಕಡ 6. ತೀರಿಸಲು ಹೆಚ್ಚೆಂದರೆ 10 ವರ್ಷ. ಬುದ್ಧಿಮಾಂದ್ಯರ ಪರವಾಗಿ ತಂದೆತಾಯಿಗಳು ಅಥವಾ ಪೋಷಕರು ಸಾಲ ಪಡೆಯಬಹುದು. ಇದಲ್ಲದೆ ರಾಜ್ಯ ಸರಕಾರದ ‘ಆಧಾರ’ ಯೋಜನೆಯಲ್ಲಿ ಸಣ್ಣ ಅಂಗಡಿ, ಕಸುಬುಗಳಿಗೆ ಒಂದು ಭಾಗ ಸಹಾಯಧನ, ಒಂದು ಭಾಗ ಬ್ಯಾಂಕ್ ಸಾಲವೆಂಬ ಏರ್ಪಾಡಿದೆ.

ಲೆಕ್ಕ ಹಾಕಿ ನೋಡೋಣ. ರೂ. 40,000 ಸಾಲಕ್ಕೆ ಶೇಕಡ 5ರಂತೆ ಮೊದಲ ವರ್ಷದ ಬಡ್ಡಿ ರೂ. 2,000. ಅದೇ ಹಣವನ್ನು ಕೈಸಾಲವಾಗಿ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿಯಂತೆ ತಂದರೆ ವರ್ಷಕ್ಕೆ ರೂ. 14,400. ಹೆಚ್ಚು ಬೀಳುವ ರೂ. 12,400ರಲ್ಲಿ ಅಂಗಡಿಗೆ ಎಷ್ಟು ಸರಕು ತುಂಬಬಹುದಿತ್ತು!

ತೊಡಕು ಇರುವುದು ಬೇರೆ ಕಡೆ. ನಮ್ಮ ಮನೆಗಳಲ್ಲಿ ಪಹಣಿ ತಂದೆಯ ಹೆಸರಿನಲ್ಲೋ ಅಣ್ಣನ ಹೆಸರಿನಲ್ಲೋ ಇರುತ್ತದೆ. ಪಾಲು ಮಾಡುವಾಗ “ಅವನಿಗೇಕೆ ಜಮೀನು, ನಾವು ನೋಡಿಕೊಳ್ಳುತ್ತೇವಲ್ಲ” ಎಂಬ ಮಾತು ಬರುತ್ತದೆ. ಪ್ರೀತಿಯಿಂದಲೇ ಆಡಿದ ಮಾತಾದರೂ, ಅದರಿಂದ ಆತ ಬೆಳೆಸಾಲಕ್ಕೂ ಅನರ್ಹನಾಗುತ್ತಾನೆ, ಸಂಘದ ಸದಸ್ಯತ್ವಕ್ಕೂ ದೂರವಾಗುತ್ತಾನೆ. ಜಮೀನಿಲ್ಲವೆಂದು ಬ್ಯಾಂಕಿಗೆ ಹೋಗಲು ಹಿಂಜರಿಯುವವರು ಒಂದು ವಿಷಯ ತಿಳಿದಿರಬೇಕು: ಸಣ್ಣ ಉದ್ಯಮಗಳ 10 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಬ್ಯಾಂಕುಗಳು ಆಸ್ತಿಯ ಅಡಮಾನ ಕೇಳಬಾರದೆಂದು ರಿಸರ್ವ್ ಬ್ಯಾಂಕು ವಿಧಿಸಿದೆ. ಕೇಳಿದರೆ ವಿನಯದಿಂದಲೇ ಈ ನಿಯಮವನ್ನು ನೆನಪಿಸಬಹುದು.

ಮಂಡ್ಯ ಜಿಲ್ಲೆಯ ಅನುಭವವೊಂದು ಇಲ್ಲಿ ಉಲ್ಲೇಖಾರ್ಹ. ಶ್ರೀ ರಮಣ ಮಹರ್ಷಿ ಅಂಧರ ಅಕಾಡೆಮಿ ಹಾಗೂ ಮಳವಳ್ಳಿಯ ಮರಿಯಾ ಒಲಿವಿಯಾ ಬೊನಾಲ್ಡೊ ಸಂಸ್ಥೆಗಳು ಈ ಜಿಲ್ಲೆಯಲ್ಲಿ ಅಂಗವಿಕಲರನ್ನು ಅವರವರ ಊರಿನಲ್ಲಿಯೇ ಕಂಡು, ನೆರವು ಮುಟ್ಟಿಸುವ ಸಮುದಾಯ ಆಧಾರಿತ ಪುನರ್ವಸತಿ ಕಾರ್ಯ ನಡೆಸಿವೆ. ಇದರ ಫಲವನ್ನು ಇಟಲಿಯ ಸಂಶೋಧಕರು ಅಳೆದು 2014ರಲ್ಲಿ ಪ್ರಕಟಿಸಿದರು. ಕಾರ್ಯಕ್ರಮ ನಡೆದ ಹಳ್ಳಿಗಳಲ್ಲಿ ಪಿಂಚಣಿ ಪಡೆಯುವವರು, ಸಾಧನ ಬಳಸುವವರು, ಕೂಲಿ ಸಂಬಳದ ಕೆಲಸ ದೊರೆತವರು ಹೆಚ್ಚಿದ್ದುದು ಕಂಡುಬಂದಿತು. ಯೋಜನೆಯ ಕಾಗದ ಊರೂರಿಗೆ ತಲುಪಿದ್ದರಿಂದಲ್ಲ, ಮನೆಬಾಗಿಲಿಗೆ ಮತ್ತೆ ಮತ್ತೆ ಬರುವ ಒಬ್ಬ ಮನುಷ್ಯ ಇದ್ದುದರಿಂದ ಹೀಗಾಯಿತೆಂದು ನಾವು ತಿಳಿಯುತ್ತೇವೆ. ಈ ಕೆಲಸಕ್ಕೆಂದೇ ಸರಕಾರವು ಪಂಚಾಯಿತಿಗೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನೂ ತಾಲ್ಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನೂ ನೇಮಿಸಿದೆ. ಅರ್ಜಿ ಹಾಕುವ ಮೊದಲು ಅವರನ್ನು ಕಾಣುವುದು ಲೇಸು.

ಯಾವ ಕಸುಬು ಹಿಡಿಯಬೇಕು? ಮದ್ದೂರಿನ ಎಳನೀರು ಮಾರುಕಟ್ಟೆಯ ಸುತ್ತ ಲೆಕ್ಕ ಬರೆಯುವ, ತೂಕ ನೋಡುವ, ಹೋಟೆಲು ಅಂಗಡಿ ನಡೆಸುವ ಕೆಲಸಗಳಿವೆ. ತೋಟದವರಿಗೆ ಹಾಳೆ ತಟ್ಟೆ ತಯಾರಿಕೆ ಕೈಗೆಟುಕುವಂಥದು. ಹಾಳೆ ನಮ್ಮ ತೋಟದಲ್ಲಿಯೇ ಉದುರುತ್ತದೆ. ಆದರೆ ಕಾಲಿನಿಂದ ಒತ್ತುವ ಯಂತ್ರ ಕಾಲಿಗೆ ಬಲವಿಲ್ಲದವನಿಗೆ ಬಾರದು. ಕೈಹಿಡಿಯ ಯಂತ್ರವನ್ನು, ಕುಳಿತವನ ಎತ್ತರಕ್ಕೆ ಕೂರಿಸಿಕೊಡುವಂತೆ ಕೊಳ್ಳುವ ಮೊದಲೇ ಮಾತಾಡಬೇಕು. ಹಾಗೆಯೇ, ಬೆನ್ನುಹುರಿಗೆ ಪೆಟ್ಟಾದವರ ಗಾಲಿಕುರ್ಚಿಗೆ ಸರಿಯಾದ ಮೆತ್ತೆ ಇಲ್ಲದಿದ್ದರೆ ಕುಳಿತಲ್ಲಿಯೇ ಹುಣ್ಣಾಗುತ್ತದೆ. ಸ್ಪರ್ಶಜ್ಞಾನವಿಲ್ಲದ್ದರಿಂದ ಹುಣ್ಣು ತಿಳಿಯುವುದೂ ಇಲ್ಲ. ದರಪಟ್ಟಿಯಲ್ಲಿ ಮೆತ್ತೆಯ ಬೆಲೆಯನ್ನೂ ಸೇರಿಸಿ ಸಾಲ ಕೇಳಬೇಕು.

ಅರ್ಜಿಯೊಡನೆ ಬೇಕಾಗುವ ಕಾಗದಗಳಲ್ಲಿ ಮುಖ್ಯವಾದುದು ಅಂಗವೈಕಲ್ಯದ ವಿಶಿಷ್ಟ ಗುರುತಿನ ಚೀಟಿ. 2016ರ ಕಾಯಿದೆಯಲ್ಲಿ 21 ಬಗೆಯ ವೈಕಲ್ಯಗಳು ಸೇರಿರುವುದರಿಂದ, ಹಿಂದೆ ಚೀಟಿ ಸಿಗದವರೂ ಮತ್ತೊಮ್ಮೆ ಪ್ರಯತ್ನಿಸಬಹುದು. ಜೊತೆಗೆ ಆಧಾರ್, ಪಡಿತರ ಚೀಟಿ, ಬ್ಯಾಂಕಿನ ಪಾಸ್‌ಪುಸ್ತಕ, ಕೊಳ್ಳುವ ವಸ್ತುವಿನ ದರಪಟ್ಟಿ ಇರಲಿ. ಕೊಟ್ಟ ಅರ್ಜಿಗೆ ದಿನಾಂಕ ಹಾಕಿದ ಸ್ವೀಕೃತಿ ಪಡೆಯುವುದನ್ನು ಮರೆಯಬಾರದು.