ಬಾವಿಗೂ ಒಂದು ಲೆಕ್ಕದ ಪುಸ್ತಕವಿರಲಿ
ಕಾರ್ಖಾನೆಯ ತ್ಯಾಜ್ಯ ನೀರು ಮತ್ತು ಅಂತರ್ಜಲ ಪರೀಕ್ಷೆ

ಹೊಳೆ ಕೆಟ್ಟರೆ ಊರಿಗೆಲ್ಲ ಗೊತ್ತಾಗುತ್ತದೆ. ನೀರಿನ ಬಣ್ಣ ತಿರುಗುತ್ತದೆ, ಮೀನು ಸತ್ತು ತೇಲುತ್ತವೆ, ದನಗಳು ಮೂಸಿ ನೋಡಿ ಹಿಂದೆ ಸರಿಯುತ್ತವೆ. ಬಾವಿ ಕೆಟ್ಟರೆ ಹಾಗಲ್ಲ. ನೀರು ತಿಳಿಯಾಗಿಯೇ ಇರುತ್ತದೆ. ಕೇಡು ಒಳಗೊಳಗೇ ಬೆಳೆಯುತ್ತದೆ. ಗೊತ್ತಾಗುವ ಹೊತ್ತಿಗೆ ವರ್ಷಗಳು ಕಳೆದಿರುತ್ತವೆ.

ಹೂವಿನಹಡಗಲಿ ತಾಲ್ಲೂಕಿನ ಮಾಗಳ ಮತ್ತು ಅದರ ಸುತ್ತಲಿನ ಹೊಳೆಸಾಲಿನ ಊರುಗಳ ರೈತರು ಈ ಮಾತನ್ನು ಗಮನಿಸುವುದು ಅವಶ್ಯಕ. ತುಂಗಭದ್ರೆಯ ಮೇಲುಭಾಗದಲ್ಲಿ, ಹರಿಹರದ ಆಚೆ ದಡದ ಕುಮಾರಪಟ್ಟಣದಲ್ಲಿ 1972ರಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ರೇಯಾನ್ ತಿರುಳಿನ ತಯಾರಿಕೆ ಆರಂಭಿಸಿತು. 1980ರ ದಶಕದಲ್ಲಿ ನೀರಿನ ಬಣ್ಣ, ವಾಸನೆ ಮತ್ತು ಮೀನುಗಳ ಸಾವಿನ ಬಗ್ಗೆ ಕೆಳಗಿನ ಊರುಗಳಿಂದ ದೂರುಗಳು ಬಂದವು. 1984ರಲ್ಲಿ ಹುಟ್ಟಿದ ಸಮಾಜ ಪರಿವರ್ತನ ಸಮುದಾಯ ಈ ಮಾಲಿನ್ಯದ ವಿರುದ್ಧ ಹೋರಾಟ ನಡೆಸಿತು. ಹೊಳೆಯ ಕೇಡು ಕಣ್ಣಿಗೆ ಕಾಣುತ್ತಿದ್ದುದರಿಂದ ಜನ ದನಿಯೆತ್ತಲು ಸಾಧ್ಯವಾಯಿತು. ಕಣ್ಣಿಗೆ ಕಾಣದ ಅಂತರ್ಜಲಕ್ಕೆ ಪರೀಕ್ಷೆಯ ಲೆಕ್ಕವೊಂದೇ ಸಾಕ್ಷಿ.

ತಡವಾಗಿ ತಿಳಿದರೆ

ಅಮೆರಿಕದ ಕ್ಯಾಲಿಫೋರ್ನಿಯಾದ ಹಿಂಕ್ಲಿ ಎಂಬ ಹಳ್ಳಿಯಲ್ಲಿ ಅನಿಲ ಕಂಪನಿಯೊಂದು 1952ರಿಂದ 1966ರವರೆಗೆ ಕ್ರೋಮಿಯಂ ಬೆರೆತ ನೀರನ್ನು ತಳಕ್ಕೆ ಹೊದಿಕೆಯಿಲ್ಲದ ಹೊಂಡಗಳಿಗೆ ಬಿಟ್ಟಿತ್ತು. ಅಂತರ್ಜಲ ಕೆಟ್ಟಿರುವುದು ಹೊರಬಿದ್ದದ್ದು 1987ರಲ್ಲಿ! ದೂರದ ಮಾತೇಕೆ? ನಮ್ಮ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಕೊಳವೆ ಬಾವಿಗಳಲ್ಲೂ ಕ್ರೋಮಿಯಂ ಕಂಡುಬಂದಿದೆ. ಲೋಹಕ್ಕೆ ಲೇಪ ಕೊಡುವ ಘಟಕಗಳು ಅಲ್ಲಿ ಹಲವಾರಿವೆ. ಕೆಟ್ಟ ಹೊಳೆಯನ್ನು ಒಂದು ಮಳೆಗಾಲ ತೊಳೆದೀತು. ಕಲ್ಲಿನ ಸೀಳುಗಳಲ್ಲಿ ಸೇರಿದ ವಿಷವನ್ನು ತೊಳೆಯುವುದು ಸುಲಭವಲ್ಲ.

ಯಾವ ಬಾವಿಗಳನ್ನು ಆರಿಸಬೇಕು?

ತ್ಯಾಜ್ಯ ನೀರಿನ ಹೊಂಡದ ಪಕ್ಕದ ಒಂದೇ ಬಾವಿಯನ್ನು ಪರೀಕ್ಷಿಸಿದರೆ ಏನೂ ಸಿದ್ಧವಾಗುವುದಿಲ್ಲ. ನಮ್ಮ ಸೀಮೆಯಲ್ಲಿ ಫ್ಲೋರೈಡ್ ಮತ್ತು ಗಡಸುತನ ಕಲ್ಲಿನಿಂದಲೇ ಬರುವುದುಂಟು. ನೈಟ್ರೇಟ್ ತಿಪ್ಪೆಯಿಂದಲೂ ಯೂರಿಯಾದಿಂದಲೂ ಬರುತ್ತದೆ. ಎಲ್ಲವನ್ನೂ ಕಾರ್ಖಾನೆಯ ತಲೆಗೆ ಕಟ್ಟಿದರೆ ವಾದ ನಿಲ್ಲದು.

ಆದುದರಿಂದ ಹೊಂಡಕ್ಕಿಂತ ಮೇಲ್ಗಡೆ ಒಂದು ಬಾವಿ, ಕೆಳಗಡೆ ಬೇರೆ ಬೇರೆ ದೂರದಲ್ಲಿ ಕನಿಷ್ಠ ಮೂರು ಬಾವಿಗಳನ್ನು ಆರಿಸಬೇಕು. ಇಲ್ಲಿ ಮೇಲು-ಕೆಳಗು ಎಂದರೆ ನೆಲದ ಇಳಿಜಾರಲ್ಲ, ಒಳಗಿನ ನೀರು ಹರಿಯುವ ದಿಕ್ಕು. ಅದನ್ನು ತಿಳಿಯಲು ತ್ರಿಕೋನಾಕಾರದಲ್ಲಿರುವ ಮೂರು ಬಾವಿಗಳ ಬಾಯಿಯ ಎತ್ತರವನ್ನು ಸರ್ವೆಯವರಿಂದ ಲೆವೆಲ್ ಹಿಡಿಸಿ, ಅದರಿಂದ ನೀರಿನ ಆಳವನ್ನು ಕಳೆಯಬೇಕು. ನೀರಿನ ಮಟ್ಟ ಎತ್ತರವಿರುವ ಕಡೆಯಿಂದ ತಗ್ಗಿರುವ ಕಡೆಗೆ ಹರಿವು ಇರುತ್ತದೆ. ಮೇಲಿನ ಬಾವಿ ಚೆನ್ನಾಗಿದ್ದು ಕೆಳಗಿನವು ವರ್ಷದಿಂದ ವರ್ಷಕ್ಕೆ ಕೆಡುತ್ತಿದ್ದರೆ ಸಂಶಯಕ್ಕೆ ಬಲವಾದ ಕಾರಣವಿದೆಯೆಂದು ತಿಳಿಯಬೇಕು.

ನೀರು ಹಿಡಿಯುವ ಕ್ರಮ

ವರ್ಷಕ್ಕೆ ಎರಡು ಬಾರಿಯಾದರೂ ಪರೀಕ್ಷೆ ಬೇಕು: ಮಳೆಗೆ ಮುಂಚೆ ಮೇ ತಿಂಗಳಲ್ಲಿ, ಮಳೆ ಮುಗಿದ ಮೇಲೆ ನವೆಂಬರಿನಲ್ಲಿ. ಕೊಳವೆ ಬಾವಿಯಲ್ಲಿ ನಿಂತ ನೀರನ್ನು ಹಿಡಿಯಬಾರದು. ಆರು ಅಂಗುಲದ ಕೊಳವೆಯಲ್ಲಿ ಒಂದು ಮೀಟರ್ ಎತ್ತರದ ನೀರು ಸುಮಾರು 18 ಲೀಟರ್ ಆಗುತ್ತದೆ. ಕೊಳವೆಯಲ್ಲಿರುವಷ್ಟು ನೀರಿನ ಮೂರು ಪಾಲು ಹೊರಹಾಕಿದ ನಂತರವೇ ಸೀಸೆ ತುಂಬಬೇಕು. ಸೀಸೆಯನ್ನು ಅದೇ ನೀರಿನಿಂದ ಮೂರು ಬಾರಿ ತೊಳೆದು, ಗಾಳಿ ಉಳಿಯದಂತೆ ತುಂಬಿ, ಬಾವಿಯ ಸಂಖ್ಯೆ, ದಿನಾಂಕ, ವೇಳೆ ಮತ್ತು ನೀರಿನ ಆಳ ಬರೆದ ಚೀಟಿ ಅಂಟಿಸಿ, ತಂಪಿನಲ್ಲಿಟ್ಟು ಬೇಗನೆ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು. ಲೋಹ ಮತ್ತು ರೋಗಾಣುಗಳ ಪರೀಕ್ಷೆಗೆ ಬೇರೆ ಸೀಸೆಗಳು ಬೇಕು. ಅವನ್ನು ಪ್ರಯೋಗಾಲಯದಿಂದಲೇ ಪಡೆಯುವುದು ಉತ್ತಮ.

ಏನನ್ನು ನೋಡಬೇಕು?

ಭಾರತೀಯ ಮಾನಕದ (ಐ.ಎಸ್. 10500) ಪ್ರಕಾರ ಕುಡಿಯುವ ನೀರಿನಲ್ಲಿ ಕರಗಿದ ಒಟ್ಟು ಲವಣ ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರಿಲ್ಲದಾಗ 2000ದವರೆಗೆ ಸಹಿಸಬಹುದು. ಕ್ಲೋರೈಡ್ 250, ಸಲ್ಫೇಟ್ 200 ಮಿಲಿಗ್ರಾಂ ಒಳಗಿರುವುದು ಲೇಸು. ನೈಟ್ರೇಟ್ 45 ಮತ್ತು ಕ್ರೋಮಿಯಂ 0.05 ಮಿಲಿಗ್ರಾಂ ಮೀರಲೇಬಾರದು. ಕಾರ್ಖಾನೆಯ ಸ್ವರೂಪ ನೋಡಿ ಉಳಿದ ಅಂಶಗಳನ್ನು ಸೇರಿಸಬೇಕು: ತಿರುಳು ಕಾರ್ಖಾನೆಯಾದರೆ ಸೋಡಿಯಂ, ಸಲ್ಫೇಟ್ ಮತ್ತು ಬಣ್ಣ, ಮದ್ಯಸಾರದ ಕಾರ್ಖಾನೆಯಾದರೆ ಪೊಟ್ಯಾಸಿಯಂ ಮತ್ತು ಕ್ಲೋರೈಡ್, ಚರ್ಮ ಹದ ಮಾಡುವಲ್ಲಿ ಕ್ರೋಮಿಯಂ.

ನೀರಾವರಿಗೆ ವಿದ್ಯುತ್ ವಾಹಕತೆ ಮುಖ್ಯ. ಇದನ್ನು ಕೈಯಲ್ಲಿ ಹಿಡಿಯುವ ಸಣ್ಣ ಮೀಟರಿನಿಂದ ರೈತರೇ ಅಳೆಯಬಹುದು. 750 ಮೈಕ್ರೊಮೋ ಒಳಗಿದ್ದರೆ ಹೆಚ್ಚಿನ ಬೆಳೆಗಳಿಗೆ ಬಾಧೆಯಿಲ್ಲ. 2250 ದಾಟಿದರೆ ಸಾಮಾನ್ಯ ಬೆಳೆಗಳಿಗೆ ಯೋಗ್ಯವಲ್ಲ. ಎರೆ ಭೂಮಿಯವರು ಸೋಡಿಯಂ ಬಗ್ಗೆ ವಿಶೇಷ ಎಚ್ಚರ ವಹಿಸಬೇಕು. ಸೋಡಿಯಂ ಹೆಚ್ಚಿದರೆ ಜೇಡಿ ಉಬ್ಬಿ ಮಣ್ಣಿನ ರಂಧ್ರ ಮುಚ್ಚುತ್ತದೆ, ನೀರು ಇಂಗದೆ ನಿಲ್ಲುತ್ತದೆ, ಒಣಗಿದಾಗ ನೆಲ ಕಲ್ಲಾಗುತ್ತದೆ. ಆಗ ಮಣ್ಣು ಪರೀಕ್ಷೆಯ ಸಲಹೆಯಂತೆ ಜಿಪ್ಸಂ ಹಾಕಿ ನೀರು ಬಸಿದು ಹೋಗಲು ದಾರಿ ಮಾಡಬೇಕು. ಸವಳು ಭೂಮಿಯ ಬಗ್ಗೆ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಸಂಶೋಧನೆ ನಡೆಸಿದೆ.

ಕಾನೂನಿನ ಆಸರೆ

1974ರ ಜಲ ಮಾಲಿನ್ಯ ನಿಯಂತ್ರಣ ಕಾಯಿದೆ ಹೊಳೆ-ಹಳ್ಳಗಳಿಗೆ ಮಾತ್ರವಲ್ಲ, ಬಾವಿ ಮತ್ತು ನೆಲದೊಳಗಿನ ನೀರಿಗೂ ಅನ್ವಯಿಸುತ್ತದೆ. ಆದರೆ ಕಾರ್ಖಾನೆ ಹೊರಬಿಡುವ ನೀರಿನ ವಿಷಯ ನ್ಯಾಯಾಲಯಕ್ಕೆ ಹೋಗಬೇಕಾದರೆ, ಮಾಲಿನ್ಯ ನಿಯಂತ್ರಣ ಮಂಡಳಿಯವರು ಕಾಯಿದೆಯ ಕ್ರಮದಂತೆ ಮೊಹರು ಮಾಡಿ ಒಯ್ದ ಮಾದರಿಯೇ ಬೇಕು. ರೈತರು ತಾವೇ ಮಾಡಿಸಿದ ಪರೀಕ್ಷೆ ಮಂಡಳಿಯನ್ನು ಸ್ಥಳಕ್ಕೆ ಕರೆಸಲು ಆಧಾರವಾಗುತ್ತದೆ. ಕಾರ್ಖಾನೆಗೆ ಮಂಡಳಿ ಕೊಟ್ಟ ಸಮ್ಮತಿಯ ಷರತ್ತುಗಳನ್ನೂ ಪರೀಕ್ಷಾ ವರದಿಗಳನ್ನೂ 2005ರ ಮಾಹಿತಿ ಹಕ್ಕು ಕಾಯಿದೆಯಡಿ ಅರ್ಜಿ ಕೊಟ್ಟು ಕೇಳಬಹುದು.

ಎಲ್ಲಕ್ಕಿಂತ ಮುಖ್ಯವಾದದ್ದು ಮೊದಲ ವರ್ಷದ ಲೆಕ್ಕ. ನೀರು ಚೆನ್ನಾಗಿದ್ದಾಗ ಬರೆದಿಟ್ಟವನು ಮಾತ್ರ ಅದು ಕೆಟ್ಟಿತೆಂದು ತೋರಿಸಬಲ್ಲ. ಸಾಲದ ಲೆಕ್ಕ, ಹಾಲಿನ ಲೆಕ್ಕ ಬರೆದಿಡುವ ನಾವು ಬಾವಿಯ ಲೆಕ್ಕಕ್ಕೂ ಒಂದು ಪುಸ್ತಕ ತೆಗೆದಿಡೋಣ. ಬರುವ ಮೇ ತಿಂಗಳಲ್ಲಿ ಊರಿನ ನಾಲ್ಕು ಬಾವಿಗಳಿಂದ ಈ ಕೆಲಸ ಆರಂಭವಾಗಲಿ. ಪುಸ್ತಕ ಗ್ರಾಮ ಪಂಚಾಯಿತಿಯಲ್ಲೊಂದು, ಶಾಲೆಯಲ್ಲೊಂದು ಇದ್ದರೆ ಇನ್ನೂ ಒಳ್ಳೆಯದು.